ಕಾಲಲ್ಲಿ ಕಾಣೋ ರೋಗ, ಗೋಣಲ್ಲಿರೋ ಕಾರಣ: ದೊಡ್ಡ ನಾಯಿಗಳ ಕತ್ತಿನ ಆಪರೇಷನ್ ಬಗ್ಗೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಇವತ್ತಿನ ಸಂಚಿಕೆ ನಾಯಿ ಸಾಕಿದವರಿಗೆ. ಅದರಲ್ಲೂ ಡಾಬರ್‌ಮನ್, ಗ್ರೇಟ್ ಡೇನ್, ರಾಟ್‌ವೀಲರ್ ಥರದ ದೊಡ್ಡ ನಾಯಿ ಸಾಕಿದವರಿಗೆ. ನಾಯಿ ಇಲ್ಲದವರೂ ಕೇಳಿ. ನಿಮ್ಮ ಓಣಿಯಲ್ಲಿ, ನಿಮ್ಮ ಗೆಳೆಯನ ಹೊಲದ ಮನೆಯಲ್ಲಿ ಇಂಥದ್ದೊಂದು ನಾಯಿ ಇದ್ದೇ ಇರುತ್ತೆ.

ನಾನು ಮಾತಾಡ್ತಿರೋದು ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪಿನಿಂದ. ಹೊಸಬರಿಗೆ ಹೇಳ್ಬೇಕಂದ್ರೆ, ಆರ್.ಎಚ್. ಅನ್ನೋದು ರಿಹ್ಯಾಬಿಲಿಟೇಶನ್, ಅಂದ್ರೆ ಪುನರ್ವಸತಿ ಅನ್ನೋದರ ಗುರುತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ನೆಲೆ ಕೊಟ್ಟ ಊರುಗಳಿವು. ಸುತ್ತ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಮೀನಿನ ಕೆರೆ, ಅಕ್ಕಿ ಗಿರಣಿ. ಭತ್ತ ಒಣಗ್ಲಿಕ್ಕೆ ಹಾಕಿದ ಕಣ ಇರೋ ಕಡೆ ಕಾವಲಿಗೆ ಒಂದು ದೊಡ್ಡ ನಾಯಿ ಬೇಕೇ ಬೇಕು. ಹಂಗಾಗಿ ಈ ಕಡೆ ದೊಡ್ಡ ಜಾತಿ ನಾಯಿಗೆ ಬರ ಇಲ್ಲ.

ಆ ನಾಯಿಗಳಲ್ಲಿ ಯಾವುದೋ ಒಂದು ನಡುವಯಸ್ಸಿಗೆ ಬಂದಾಗ ಹಿಂಗಾಲು ತೂರಾಡೋಕೆ ಶುರುವಾಗುತ್ತೆ. ಕುಡಿದೋರು ನಡೆದ ಹಂಗೆ. ಆಗ ಊರಲ್ಲಿ ಬರೋ ಮಾತು ಒಂದೇ, "ಲಕ್ವಾ ಹೊಡದದ ಬಿಡ್ರಿ, ಇನ್ನ ಅದು ಮುಗೀತು." ಕೆಲವರು ಎಣ್ಣೆ ತಿಕ್ಕಿಸ್ತಾರೆ. ಕೆಲವರು ಮೆಡಿಕಲ್ ಶಾಪಿನಿಂದ ಮನುಷ್ಯರ ನೋವಿನ ಗುಳಿಗೆ ತಂದು ಅನ್ನದಾಗ ಕಲಸಿ ಹಾಕ್ತಾರೆ. ಇನ್ನು ಕೆಲವರು ರಾತ್ರಿ ಗಾಡಿಯಲ್ಲಿ ಹಾಕ್ಕೊಂಡು ಹೋಗಿ ದೂರದ ರಸ್ತೆ ಬದಿ ಬಿಟ್ಟು ಬರ್ತಾರೆ. ಈ ಕೊನೇ ಮಾತು ಕೇಳೋಕೆ ಕಷ್ಟ, ಆದ್ರೆ ನಡೆಯುತ್ತೆ.

ಇವತ್ತು ನಾನು ಹೇಳಬೇಕಾಗಿರೋದು ಇಷ್ಟೇ. ದೊಡ್ಡ ನಾಯಿಯ ಹಿಂಗಾಲು ತೂರಾಡಿದ್ರೆ ರೋಗ ಕಾಲಲ್ಲೇ ಇರಬೇಕು ಅಂತಿಲ್ಲ, ಗೋಣಲ್ಲಿ ಇರಬಹುದು. ಗೋಣಲ್ಲಿದ್ರೆ ಅದಕ್ಕೆ ಆಪರೇಷನ್ ಇದೆ. ಆಪರೇಷನ್ ಬೇಡ ಅಂದ್ರೂ ದಾರಿ ಇದೆ. ಆದ್ರೆ ಆ ಎರಡರಲ್ಲಿ ಒಂದನ್ನ ಆರಿಸೋ ಮುಂಚೆ, ಆಪರೇಷನ್ ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದು ಮನೆಯವರಿಗೆ ಗೊತ್ತಿರಬೇಕು.

ಮೊದಲು ರೋಗದ ಹೆಸರು. ಇಂಗ್ಲಿಷ್‌ನಲ್ಲಿ ಇದನ್ನ ಆಡುಮಾತಿನಲ್ಲಿ ವಾಬ್ಲರ್ ಸಿಂಡ್ರೋಮ್ ಅಂತಾರೆ. ವಾಬ್ಲರ್ ಅಂದ್ರೆ ತೂರಾಡೋದು. ಡಾಕ್ಟರು ಚೀಟಿಯಲ್ಲಿ ಬರೆಯೋ ಹೆಸರು ಸರ್ವೈಕಲ್ ಸ್ಪಾಂಡಿಲೋಮಯಲೋಪತಿ. ಕತ್ತಿನ ಮೂಳೆಗಳಲ್ಲಿ ಆದ ಬದಲಾವಣೆಯಿಂದ ಬೆನ್ನುಹುರಿ ಒತ್ತಿಹೋಗೋದು ಅಂತ ಅದರ ಅರ್ಥ. ನಾಯಿಗಳಲ್ಲಿ ಇದನ್ನ ಮೊದಲು ವಿವರಿಸಿದ್ದು 1967ರಲ್ಲಿ, ಬ್ಯಾಸೆಟ್ ಹೌಂಡ್ ಅನ್ನೋ ಗಿಡ್ಡ ಕಾಲಿನ ಜಾತಿಯಲ್ಲಿ. ಆಮೇಲೆ ಗೊತ್ತಾಯ್ತು, ಇದು ಹೆಚ್ಚಾಗಿ ಕಾಡೋದು ದೊಡ್ಡ ಜಾತಿಗಳನ್ನ, ಅದರಲ್ಲೂ ಡಾಬರ್‌ಮನ್ ಮತ್ತು ಗ್ರೇಟ್ ಡೇನ್ ಅಂತ.

ಈ ಎರಡು ಜಾತಿಗಳಲ್ಲಿ ರೋಗ ಬರೋ ಬಗೆ ಬೇರೆ ಬೇರೆ. ಡಾಬರ್‌ಮನ್‌ಗೆ ಸಾಮಾನ್ಯವಾಗಿ ನಡುವಯಸ್ಸು ದಾಟಿದ ಮೇಲೆ ಬರುತ್ತೆ. ಎರಡು ಮೂಳೆಗಳ ನಡುವೆ ಗಾದಿ ಥರ ಇರೋ ಡಿಸ್ಕ್ ಸವೆದು, ಉಬ್ಬಿ, ಕೆಳಗಿನಿಂದ ಬೆನ್ನುಹುರಿಯನ್ನ ಒತ್ತುತ್ತೆ. ಹೆಚ್ಚಾಗಿ ಇದು ಕತ್ತಿನ ಕೊನೆಯ ಭಾಗದಲ್ಲಿ, ಐದು-ಆರನೇ ಅಥವಾ ಆರು-ಏಳನೇ ಮೂಳೆಗಳ ನಡುವೆ. ಅಂದಹಾಗೆ ನಾಯಿಯ ಕತ್ತಿನಲ್ಲಿರೋದು ಏಳೇ ಮೂಳೆ. ನಮಗೂ ಏಳೇ, ಜಿರಾಫೆಗೂ ಏಳೇ. ಗ್ರೇಟ್ ಡೇನ್ ಥರದ ಭಾರಿ ಗಾತ್ರದ ನಾಯಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಬರಬಹುದು. ಅಲ್ಲಿ ಡಿಸ್ಕ್‌ಗಿಂತ ಮೂಳೆಯದ್ದೇ ತಕರಾರು. ಮೂಳೆ ದಪ್ಪಗೆ ಬೆಳೆದು, ಮೇಲಿನಿಂದ, ಪಕ್ಕದಿಂದ ಬೆನ್ನುಹುರಿಯ ದಾರಿಯನ್ನ ಕಿರಿದು ಮಾಡುತ್ತೆ. ಒಂದೇ ಕಡೆ ಅಲ್ಲ, ಹಲವು ಕಡೆ ಒತ್ತಿರಬಹುದು. ಈ ವ್ಯತ್ಯಾಸ ನೆನಪಿಡಿ. ಆಪರೇಷನ್ ಯಾವುದು ಅನ್ನೋದು ಇದರ ಮೇಲೇ ನಿಂತಿದೆ.

ಈಗ ಮುಖ್ಯ ಪ್ರಶ್ನೆ. ಗೋಣಲ್ಲಿ ಒತ್ತಿದ್ರೆ ಹಿಂಗಾಲು ಯಾಕೆ ತೂರಾಡಬೇಕು? ನಮ್ಮ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಕಾಲುವೆ ನೆನಪು ಮಾಡ್ಕೊಳ್ಳಿ. ಮೇಲೆ ಎಲ್ಲೋ ಗೇಟಿನ ಹತ್ರ ನೀರು ಕಡಿಮೆ ಆದ್ರೆ ಮೊದಲು ಒಣಗೋದು ಯಾರ ಗದ್ದೆ? ಕಾಲುವೆಯ ಕೊನೆ ಭಾಗದ ರೈತರದ್ದು. ಟೇಲ್ ಎಂಡ್ ರೈತರ ಗೋಳು ನಮಗೆ ಹೇಳಿಕೊಡ್ಬೇಕಾ? ಅವರ ಗದ್ದೆಯಲ್ಲಿ ನಿಂತು ಎಷ್ಟು ಮಣ್ಣು ಅಗೆದ್ರೂ ನೀರು ಬರಲ್ಲ, ತೊಂದ್ರೆ ಮೇಲಿದೆ. ನಾಯಿಯ ಬೆನ್ನುಹುರಿಯೂ ಹಾಗೇ. ಮಿದುಳಿನಿಂದ ಹಿಂಗಾಲಿಗೆ ಹೋಗಿಬರೋ ನರದ ಎಳೆಗಳು ಕತ್ತಿನ ಭಾಗದಲ್ಲಿ ಬೆನ್ನುಹುರಿಯ ಹೊರಗಿನ ಅಂಚಿನಲ್ಲಿ ಇರ್ತವೆ. ಹೊರಗಿನಿಂದ ಒತ್ತಡ ಬಿದ್ದಾಗ ಮೊದಲು ಪೆಟ್ಟು ಅವಕ್ಕೇ. ಮುಂಗಾಲಿನ ತೊಂದರೆ ಸಾಮಾನ್ಯವಾಗಿ ಆಮೇಲೆ ಕಾಣುತ್ತೆ. ಅದಕ್ಕೇ ಮನೆಯವರ ಕಣ್ಣು ಹಿಂಗಾಲಿನ ಮೇಲೆ, ರೋಗ ಗೋಣಿನಲ್ಲಿ.

ನಮ್ಮ ಕ್ಯಾಂಪಿನಲ್ಲಿ ಒಬ್ಬ ದಾದಾ ಇದ್ದಾರೆ, ಹೆಸರು ಬೇಡ. ಅವರ ಮನೆಯ ಡಾಬರ್‌ಮನ್‌ಗೆ ಏಳು ವರ್ಷ ಇದ್ದಾಗ ಹಿಂಗಾಲು ಅಗಲ ಇಟ್ಟು ನಡೆಯೋಕೆ ಶುರು ಮಾಡ್ತು. ತಿರುಗುವಾಗ ಸೊಂಟ ಒಂದು ಕಡೆ ವಾಲೋದು. ದಾದಾ ಸೊಂಟದ ಎಕ್ಸ್‌ರೇ ತೆಗೆಸಿದ್ರು, ಏನೂ ಸಿಗಲಿಲ್ಲ. ಆಮೇಲೆ ಒಬ್ಬ ಡಾಕ್ಟರು ನಾಯಿಯ ಪಂಜ ಎತ್ತಿ ಉಗುರು ನೋಡಿದ್ರು. ಮಧ್ಯದ ಉಗುರುಗಳು ಮುಂದೆ ಸವೆದು ಹೋಗಿದ್ದವು. ಪಂಜವನ್ನ ಮಡಚಿ ಉಲ್ಟಾ ನೆಲಕ್ಕೆ ಇಟ್ರು. ಆರೋಗ್ಯವಾಗಿರೋ ನಾಯಿ ಆ ಕ್ಷಣವೇ ಕಾಲು ಸರಿ ಮಾಡ್ಕೊಳ್ಳುತ್ತೆ. ಇದು ಹಂಗೇ ನಿಂತಿತ್ತು, ಕಾಲು ಎಲ್ಲಿದೆ ಅನ್ನೋದೇ ಅದಕ್ಕೆ ಗೊತ್ತಿಲ್ಲ. ಡಾಕ್ಟರು ಅಂದ್ರು, "ದಾದಾ, ಕಾಲು ಬಿಡ್ರಿ, ಗೋಣು ನೋಡೋಣ." ಆ ಒಂದು ಮಾತಿನಿಂದ ಅವರ ದಾರಿ ಬದಲಾಯ್ತು.

ನೀವು ಮನೆಯಲ್ಲಿ ಏನು ನೋಡಬೇಕು ಅಂತ ಹೇಳ್ತೀನಿ. ಒಂದು, ಹಿಂಗಾಲು ಅಗಲ ಇಟ್ಟು, ಉದ್ದ ಹೆಜ್ಜೆ ಹಾಕಿ ತೂರಾಡೋದು. ಎರಡು, ಮುಂಗಾಲು ಅದಕ್ಕೆ ವಿರುದ್ಧವಾಗಿ ಬಿಗಿಯಾಗಿ, ಸಣ್ಣ ಸಣ್ಣ ಹೆಜ್ಜೆ ಹಾಕೋದು. ಮುಂದೆ ಒಂದು ನಾಯಿ, ಹಿಂದೆ ಇನ್ನೊಂದು ನಾಯಿ ನಡೆದಂಗೆ ಕಾಣುತ್ತೆ. ಮೂರು, ನಡೆಯುವಾಗ ಉಗುರು ನೆಲಕ್ಕೆ ಉಜ್ಜೋ ಸದ್ದು. ನಾಲ್ಕು, ತಲೆ ತಗ್ಗಿಸಿಕೊಂಡೇ ಇರೋದು, ಮೇಲೆ ನೋಡೋಕೆ ಒಪ್ಪದೇ ಇರೋದು, ಕತ್ತು ಮುಟ್ಟಿದ್ರೆ ಕುಂಯ್‌ಗುಟ್ಟೋದು. ಐದು, ಭುಜದ ಮೇಲಿನ ಮಾಂಸ ಇಳಿದು ಹೋಗೋದು. ಇದು ಸಾಮಾನ್ಯವಾಗಿ ತಿಂಗಳುಗಟ್ಟಲೆ ನಿಧಾನವಾಗಿ ಬರೋ ರೋಗ. ಆದ್ರೆ ಕೆಲವೊಮ್ಮೆ ಒಂದೇ ದಿನದಲ್ಲಿ ಹದಗೆಡುತ್ತೆ. ನಾಯಿ ಎದ್ದು ನಿಲ್ಲೋಕೇ ಆಗ್ತಿಲ್ಲ ಅಂದ್ರೆ ನಾಳೆ ನೋಡೋಣ ಅನ್ಬೇಡಿ, ಅವತ್ತೇ ಹೊರಡಿ.

ನಿಮ್ಮ ಕೈಯಲ್ಲಿ ಫೋನ್ ಇದೆಯಲ್ಲ, ಅದು ಇಲ್ಲಿ ದೊಡ್ಡ ಉಪಕಾರ ಮಾಡುತ್ತೆ. ನಾಯಿ ಆಸ್ಪತ್ರೆಗೆ ಹೋದಾಗ ಹೆದರಿ ಮುದುಡಿಕೊಳ್ಳುತ್ತೆ, ಮನೆಯಲ್ಲಿ ನಡೆದಂಗೆ ಅಲ್ಲಿ ನಡೆಯಲ್ಲ. ಅದಕ್ಕೆ ಮನೆಯಲ್ಲೇ ವಿಡಿಯೋ ಮಾಡಿ. ಪಕ್ಕದಿಂದ ಒಂದು, ಹಿಂದಿನಿಂದ ಒಂದು, ತಿರುಗುವಾಗ ಒಂದು. ಸ್ಲೋ ಮೋಷನ್‌ನಲ್ಲೂ ಒಂದು. ವಾರಕ್ಕೊಮ್ಮೆ ಅದೇ ಜಾಗದಲ್ಲಿ ತೆಗೀರಿ. ಜಾಸ್ತಿ ಆಗ್ತಿದೆಯಾ, ಅಷ್ಟೇ ಇದೆಯಾ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ದಾಖಲೆ ಇಲ್ಲ. ಹತ್ತಿರದಲ್ಲಿ ತಜ್ಞರಿಲ್ಲದ ನಮ್ಮಂಥ ಕಡೆ, ದೂರದ ಡಾಕ್ಟರಿಗೆ ಮೊದಲು ಆ ವಿಡಿಯೋ ಕಳಿಸಿ, ಬರಬೇಕಾ ಬೇಡ್ವಾ ಅಂತ ಕೇಳಬಹುದು.

ಪರೀಕ್ಷೆ ವಿಷಯಕ್ಕೆ ಬರೋಣ. ಸಾದಾ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಬೆನ್ನುಹುರಿ ಕಾಣಲ್ಲ. ಮೂಳೆ ಮುರಿದಿದೆಯಾ, ಸೋಂಕು ಇದೆಯಾ, ಗಡ್ಡೆ ಇದೆಯಾ ನೋಡೋಕೆ ಅದು ಬೇಕು. ಆದ್ರೆ ಎಕ್ಸ್‌ರೇ ಒಂದನ್ನೇ ಹಿಡ್ಕೊಂಡು ಗೋಣಿನ ಆಪರೇಷನ್‌ಗೆ ಹೊರಡೋ ಹಂಗಿಲ್ಲ. ಎಲ್ಲಿ ಒತ್ತಿದೆ, ಎಷ್ಟು ಕಡೆ ಒತ್ತಿದೆ, ಕೆಳಗಿನಿಂದಲೋ ಮೇಲಿನಿಂದಲೋ, ಬೆನ್ನುಹುರಿಯ ಒಳಗೆ ಏನಾದ್ರೂ ಹಾನಿ ಆಗಿದೆಯಾ, ಇದನ್ನೆಲ್ಲಾ ಚೆನ್ನಾಗಿ ತೋರಿಸೋದು ಎಂಆರ್‌ಐ. ಸಿಟಿ ಸ್ಕ್ಯಾನ್ ಮೂಳೆಯನ್ನ ಚೆನ್ನಾಗಿ ತೋರಿಸುತ್ತೆ. ಅದಕ್ಕೂ ಹಿಂದಿನ ಪದ್ಧತಿ ಅಂದ್ರೆ ಬೆನ್ನುಹುರಿಯ ಸುತ್ತ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಯೋ ಮಯಲೋಗ್ರಾಂ. ನಾಯಿಗೆ "ಅಲುಗಾಡಬೇಡಪ್ಪಾ" ಅಂತ ಹೇಳೋಕಾಗಲ್ಲವಲ್ಲ, ಹಾಗಾಗಿ ಎಂಆರ್‌ಐಗೂ ಪೂರ್ತಿ ಅರಿವಳಿಕೆ ಕೊಡ್ಬೇಕು.

ಡಾಬರ್‌ಮನ್ ಇದ್ದೋರು ಇಲ್ಲಿ ಎರಡು ವಿಷಯ ಗಮನಿಸಿ. ಈ ಜಾತಿಯಲ್ಲಿ ವಾನ್ ವಿಲ್ಲೆಬ್ರಾಂಡ್ ಅನ್ನೋ ರಕ್ತ ಹೆಪ್ಪುಗಟ್ಟದ ಕಾಯಿಲೆ ಹೆಚ್ಚು. ಹೃದಯದ ಸ್ನಾಯು ಹಿಗ್ಗಿ ಸೋಲೋ ಕಾಯಿಲೆಯೂ ಹೆಚ್ಚು. ಮೊದಲನೆಯದಿದ್ರೆ ಆಪರೇಷನ್ ಟೇಬಲ್ ಮೇಲೆ ರಕ್ತ ನಿಲ್ಲಲ್ಲ. ಎರಡನೆಯದಿದ್ರೆ ಅರಿವಳಿಕೆಯೇ ಅಪಾಯ. ಹಾಗಾಗಿ ಅರಿವಳಿಕೆಗೆ ಮುಂಚೆ ರಕ್ತದ ಮತ್ತು ಹೃದಯದ ಪರೀಕ್ಷೆ ಆಗಿದೆಯಾ ಅಂತ ನೀವೇ ಬಾಯಿ ಬಿಟ್ಟು ಕೇಳಿ.

ಈಗ ಆಪರೇಷನ್. ಒಂದೇ ಆಪರೇಷನ್ ಅಂತ ಇಲ್ಲ. ಈ ರೋಗಕ್ಕೆ 20ಕ್ಕೂ ಹೆಚ್ಚು ವಿಧಾನಗಳನ್ನ ಸರ್ಜನ್‌ಗಳು ವಿವರಿಸಿದ್ದಾರೆ. ಒಂದು ರೋಗಕ್ಕೆ ಅಷ್ಟೊಂದು ವಿಧಾನ ಇದೆ ಅಂದ್ರೇನೇ ತಿಳ್ಕೊಳ್ಳಿ, ಎಲ್ಲಾ ನಾಯಿಗೂ ಒಗ್ಗೋ ಒಂದು ವಿಧಾನ ಇನ್ನೂ ಸಿಕ್ಕಿಲ್ಲ. ಆದ್ರೆ ಎಲ್ಲವನ್ನೂ ಮೂರು ಗುಂಪಿನಲ್ಲಿ ಹೇಳಬಹುದು.

ಮೊದಲನೆಯದು ವೆಂಟ್ರಲ್ ಸ್ಲಾಟ್. ನಾಯಿಯನ್ನ ಅಂಗಾತ ಮಲಗಿಸಿ, ಗಂಟಲಿನ ಕಡೆಯಿಂದ ಕೊಯ್ತಾರೆ. ಶ್ವಾಸನಾಳ, ಅನ್ನನಾಳ ಎರಡನ್ನೂ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೂಳೆಯ ಕೆಳಭಾಗಕ್ಕೆ ತಲುಪ್ತಾರೆ. ಅಲ್ಲಿ ಡಿಸ್ಕ್ ಇರೋ ಜಾಗದಲ್ಲಿ ಸಣ್ಣ ಡ್ರಿಲ್‌ನಿಂದ ಒಂದು ಕಿಂಡಿ ಕೊರೆದು, ಒತ್ತುತ್ತಿರೋ ಡಿಸ್ಕ್ ತೆಗೀತಾರೆ. ಕಿಂಡಿ ಮೂಳೆಯ ಅಗಲದ ಮೂರನೇ ಒಂದು ಭಾಗ ಮೀರದಂತೆ ನೋಡ್ಕೋತಾರೆ. ಮೀರಿದ್ರೆ ಕೀಲು ಸಡಿಲ ಆಗುತ್ತೆ, ಪಕ್ಕದಲ್ಲೇ ಇರೋ ರಕ್ತನಾಳಗಳಿಂದ ಜೋರು ರಕ್ತ ಹೋಗೋ ಅಪಾಯವೂ ಇದೆ. ಒಂದೇ ಜಾಗದಲ್ಲಿ ಡಿಸ್ಕ್ ಒತ್ತಿರೋ ನಾಯಿಗೆ ಇದು ಹೊಂದುತ್ತೆ.

ಎರಡನೆಯದು ಮೇಲಿನಿಂದ ಮಾಡೋದು, ಡಾರ್ಸಲ್ ಲ್ಯಾಮಿನೆಕ್ಟಮಿ. ಬೆನ್ನುಹುರಿ ಒಂದು ಮೂಳೆಯ ಸುರಂಗದಲ್ಲಿ ಹೋಗುತ್ತೆ ಅಂದ್ಕೊಳ್ಳಿ. ಆ ಸುರಂಗದ ಚಾವಣಿಯನ್ನ ತೆಗೆದುಬಿಡೋದು. ಹಲವು ಕಡೆ ಒತ್ತಿದ್ರೆ, ಒತ್ತಡ ಮೇಲಿನಿಂದ ಇದ್ರೆ, ಅಂದ್ರೆ ಗ್ರೇಟ್ ಡೇನ್ ಥರದ ನಾಯಿಗಳಲ್ಲಿ, ಇದನ್ನ ಯೋಚಿಸ್ತಾರೆ. ಕತ್ತಿನ ದಪ್ಪ ಸ್ನಾಯುಗಳನ್ನ ದಾಟಿ ಹೋಗಬೇಕಾದ ದೊಡ್ಡ ಆಪರೇಷನ್ ಇದು. ಇದಾದ ಮೇಲೆ ಕೆಲವು ದಿನ ನಾಯಿ ಮೊದಲಿಗಿಂತ ಕೆಟ್ಟದಾಗಿ ಕಾಣೋದು ಅಪರೂಪ ಅಲ್ಲ.

ಮೂರನೆಯದು ಎಳೆದು ಕಟ್ಟೋದು. ಕೆಲವು ನಾಯಿಗಳಲ್ಲಿ ಕತ್ತನ್ನ ಸ್ವಲ್ಪ ಉದ್ದಕ್ಕೆ ಎಳೆದ್ರೆ ಒತ್ತಡ ಕಡಿಮೆ ಆಗೋದು ಸ್ಕ್ಯಾನ್‌ನಲ್ಲೇ ಕಾಣುತ್ತೆ. ಅಂಥ ಕಡೆ ಎರಡು ಮೂಳೆಗಳನ್ನ ಸ್ವಲ್ಪ ದೂರ ಮಾಡಿ, ಹಂಗೇ ನಿಲ್ಲೋ ಹಾಗೆ ಸ್ಕ್ರೂ, ಪಿನ್, ಪ್ಲೇಟ್, ಬೋನ್ ಸಿಮೆಂಟ್ ಹಾಕಿ ಬಿಗೀತಾರೆ. ಮನುಷ್ಯರ ಕೀಲು ಬದಲಿಸುವಾಗ ಹಾಕ್ತಾರಲ್ಲ, ಅದೇ ಜಾತಿಯ ಸಿಮೆಂಟ್. ಇಲ್ಲಿ ಭಯ ಏನಂದ್ರೆ, ಸ್ಕ್ರೂ ಸಡಿಲ ಆಗಬಹುದು, ಮುರೀಬಹುದು. ಹಂಗಾಗಿ ಕೀಲನ್ನ ಬಿಗಿಯದೇ ಕೃತಕ ಡಿಸ್ಕ್ ಕೂರಿಸೋ ಪ್ರಯತ್ನಗಳೂ ನಡೆದಿವೆ.

ಯಾವ ವಿಧಾನ ಆದ್ರೂ ಒಂದು ಮಾತು ಸಮಾನ. ಆಪರೇಷನ್ ಮಾಡೋದು ಒತ್ತಡ ತೆಗೆಯೋ ಕೆಲಸ. ಈಗಾಗಲೇ ಸತ್ತ ನರವನ್ನ ಅದು ಬದುಕಿಸಲ್ಲ. ಕಾಲುವೆಗೆ ಅಡ್ಡ ಬಿದ್ದ ಕಲ್ಲು ತೆಗೀಬಹುದು, ಅಷ್ಟರಲ್ಲಿ ಒಣಗಿಹೋದ ಪೈರು ಮತ್ತೆ ಹಸಿರಾಗಲ್ಲ. ಅದಕ್ಕೇ ನಾಯಿ ಇನ್ನೂ ನಡೀತಿರುವಾಗ ಬಂದ್ರೆ ಫಲ ಚೆನ್ನಾಗಿರುತ್ತೆ, ತಿಂಗಳುಗಟ್ಟಲೆ ನೆಲ ಹಿಡಿದ ಮೇಲೆ ಬಂದ್ರೆ ಕಡಿಮೆ.

ಹಾಗಾದ್ರೆ ಆಪರೇಷನ್ ಬೇಕೋ, ಔಷಧಿ ಸಾಕೋ? ನಾನು ಓದಿದ್ದು ಬಿ.ಕಾಂ. ಹಂಗಾಗಿ ಅಂಕಿ ಕಂಡ್ರೆ ಎರಡು ಸಲ ನೋಡೋ ಅಭ್ಯಾಸ. 2008ರಲ್ಲಿ ರೊನಾಲ್ಡೊ ಡ ಕೋಸ್ಟಾ ಅನ್ನೋ ಪಶುವೈದ್ಯ ವಿಜ್ಞಾನಿ ಮತ್ತು ಅವರ ಜೊತೆಗಾರರು ಈ ರೋಗ ಇದ್ದ 104 ನಾಯಿಗಳ ಲೆಕ್ಕ ಪ್ರಕಟಿಸಿದ್ರು. 37 ನಾಯಿಗೆ ಆಪರೇಷನ್ ಆಗಿತ್ತು, 67 ನಾಯಿಗೆ ಔಷಧಿ ಮತ್ತು ವಿಶ್ರಾಂತಿ. ಆಪರೇಷನ್ ಆದವುಗಳಲ್ಲಿ ಶೇ. 81ರಷ್ಟು ಸುಧಾರಿಸಿದವು. ಔಷಧಿಯಲ್ಲಿ ಶೇ. 54ರಷ್ಟು.

ಇಷ್ಟು ಕೇಳಿದ್ರೆ "ಹಂಗಾದ್ರೆ ಆಪರೇಷನ್ನೇ ಮಾಡಿಸೋಣ" ಅನ್ಸುತ್ತೆ. ತಡೀರಿ, ಇನ್ನೊಂದು ಅಂಕಿ ಇದೆ. ನಾಯಿಗಳು ಎಷ್ಟು ಕಾಲ ಬದುಕಿದವು ಅಂತ ನೋಡಿದಾಗ ಎರಡೂ ಗುಂಪಿನಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಎಲ್ಲವನ್ನೂ ಬದುಕಿದ ಕಾಲದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ಸರಿ ನಡುವೆ ನಿಲ್ಲೋ ನಾಯಿಯ ಲೆಕ್ಕ 36 ತಿಂಗಳು. ಇನ್ನೊಂದು ವಿಷಯ, ಇದು ಚೀಟಿ ಎತ್ತಿ ಅರ್ಧಕ್ಕೆ ಆಪರೇಷನ್, ಅರ್ಧಕ್ಕೆ ಔಷಧಿ ಅಂತ ಹಂಚಿದ ಪರೀಕ್ಷೆ ಅಲ್ಲ. ಹಳೇ ದಾಖಲೆಗಳಿಂದ ತೆಗೆದ ಲೆಕ್ಕ. ಯಾವ ನಾಯಿಗೆ ಯಾವ ಚಿಕಿತ್ಸೆ ಅನ್ನೋದನ್ನ ಡಾಕ್ಟರು, ಮನೆಯವರು ಸೇರಿ ತೀರ್ಮಾನಿಸಿದ್ದು.

ನಾನು ಇದನ್ನ ಓದೋದು ಹೀಗೆ. ಆಪರೇಷನ್‌ನಿಂದ ಚೆನ್ನಾಗಿ ನಡೆಯೋ ಸಾಧ್ಯತೆ ಹೆಚ್ಚು. ಆದ್ರೆ ಆಪರೇಷನ್ ಮಾಡಿಸದೇ ಇದ್ದೋರು ನಾಯಿಯನ್ನ ಸಾಯೋಕೆ ಬಿಟ್ಟರು ಅಂತ ಅಲ್ಲವೇ ಅಲ್ಲ. ಅರ್ಧಕ್ಕಿಂತ ಹೆಚ್ಚು ನಾಯಿಗಳು ಔಷಧಿಯಲ್ಲೇ ಸುಧಾರಿಸಿವೆ. ದುಡ್ಡಿಲ್ಲ ಅಂತ ಔಷಧಿ ದಾರಿ ಹಿಡಿದೋರು ತಲೆ ತಗ್ಗಿಸಬೇಕಾಗಿಲ್ಲ. ತಲೆ ತಗ್ಗಿಸಬೇಕಾಗಿರೋದು ಏನೂ ಮಾಡದೆ ರಸ್ತೆ ಬದಿ ಬಿಟ್ಟು ಬಂದೋರು.

ಔಷಧಿ ದಾರಿ ಅಂದ್ರೆ ಏನು? ಮೊದಲನೆಯದು, ಕತ್ತಿನ ಬೆಲ್ಟ್ ಬಿಚ್ಚಿ ಎಸೆಯಿರಿ. ಎದೆಗೆ ಹಾಕೋ ಹಾರ್ನೆಸ್ ತನ್ನಿ. ಸರಪಳಿ ಕಟ್ಟಿ ಕತ್ತು ಜಗ್ಗೋದು ಬಂದ್. ಎರಡನೆಯದು, ಓಟ, ನೆಗೆತ, ಮೆಟ್ಟಿಲು ಬಂದ್. ಬೇರೆ ನಾಯಿ ಜೊತೆ ಕುಸ್ತಿ ಬಂದ್. ಹಾರ್ನೆಸ್ ಹಾಕಿ ನಿಧಾನ ನಡೆಸೋದು ಇರಲಿ. ಮೂರನೆಯದು, ಡಾಕ್ಟರು ಲೆಕ್ಕ ಹಾಕಿ ಕೊಡೋ ಸ್ಟೇರಾಯ್ಡ್ ಅಥವಾ ನೋವಿನ ಔಷಧಿ. ಇಲ್ಲೊಂದು ಎಚ್ಚರಿಕೆ. ಸ್ಟೇರಾಯ್ಡ್ ನಡೀತಿರುವಾಗ ನೀವಾಗೇ ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದ ಮನುಷ್ಯರ ಗುಳಿಗೆ ಹಾಕಿದ್ರೆ ಹೊಟ್ಟೆ ಕರುಳಿನಲ್ಲಿ ಹುಣ್ಣಾಗಿ ರಕ್ತ ಸೋರಿ ನಾಯಿ ಸಾಯಬಹುದು. ಸ್ಟೇರಾಯ್ಡ್ ಇಲ್ಲದಿದ್ರೂ ಆ ಗುಳಿಗೆ ನಾಯಿಗೆ ಅಪಾಯವೇ. ಹಾಗೇ ಸ್ಟೇರಾಯ್ಡನ್ನ ನೀವಾಗೇ ದಿಢೀರ್ ನಿಲ್ಲಿಸಬೇಡಿ. ನಾಲ್ಕನೆಯದು, ತೂಕ ಇಳಿಸೋದು. ಇನ್ನು ಗೋಣು ಹಿಡಿದು ತಿರುಗಿಸಿ "ನರ ಬಿಡಿಸೋರು" ಯಾರಾದ್ರೂ ಬಂದ್ರೆ ಬಾಗಿಲಲ್ಲೇ ಕೈ ಮುಗಿದು ಕಳಿಸಿ.

ದಾದಾನ ಮನೆಯಲ್ಲಿ ಮೊದಲು ಔಷಧಿ ದಾರಿಯನ್ನೇ ಹಿಡಿದ್ರು. ಎರಡು ತಿಂಗಳು ಸುಮಾರಾಗಿತ್ತು, ಆಮೇಲೆ ಮುಂಗಾಲೂ ಕೈ ಕೊಡ್ತು. ಆಗ ಸಾಲ ಮಾಡಿ ದೊಡ್ಡ ಊರಿಗೆ ಹೋದ್ರು. ಎಂಆರ್‌ಐಯಲ್ಲಿ ಆರು-ಏಳನೇ ಮೂಳೆ ನಡುವಿನ ಡಿಸ್ಕ್ ಅಂತ ಗೊತ್ತಾಯ್ತು. ಗಂಟಲಿನ ಕಡೆಯಿಂದ ಆಪರೇಷನ್ ಆಯ್ತು. ಊರಲ್ಲಿ ಎಲ್ಲರೂ ಖರ್ಚಿನ ಬಗ್ಗೆ ಮಾತಾಡಿದ್ರು. ಆಮೇಲಿನ ಮೂರು ತಿಂಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಅದನ್ನ ನಾನು ಹೇಳ್ತೀನಿ, ಯಾಕಂದ್ರೆ ನಿಜವಾದ ಖರ್ಚು ಅಲ್ಲಿದೆ.

ಮನೆಗೆ ಬಂದಾಗ ನಾಯಿ ತಾನಾಗಿ ಎದ್ದು ನಿಲ್ತಿರಲಿಲ್ಲ. ಸುಮಾರು 35 ಕೆಜಿ ತೂಕ. ಒಂದೇ ಮಗ್ಗುಲಲ್ಲಿ ಮಲಗಿದ್ರೆ ಚರ್ಮ ಹುಣ್ಣಾಗುತ್ತೆ, ಪುಪ್ಪುಸದಲ್ಲಿ ಕಫ ಕಟ್ಟುತ್ತೆ. ಹಾಗಾಗಿ ಹಗಲು ರಾತ್ರಿ ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ದಪ್ಪ ಹಾಸಿಗೆ ಬೇಕು, ಅದು ಒಣಗಿರಬೇಕು. ತಾನಾಗಿ ಉಚ್ಚೆ ಹೋಗ್ತಿಲ್ಲ ಅಂದ್ರೆ ಮೂತ್ರಕೋಶ ಒತ್ತಿ ಖಾಲಿ ಮಾಡೋದನ್ನ ಡಾಕ್ಟರ ಹತ್ರ ಕಲೀಬೇಕು. ದಿನಕ್ಕೆ ಹಲವು ಸಲ ಕಾಲು ಮಡಚಿ ಬಿಡಿಸೋ ವ್ಯಾಯಾಮ. ಆಮೇಲೆ ಹೊಟ್ಟೆ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡ್ಕೊಂಡು ನಿಲ್ಲಿಸೋದು. ಟೈಲ್ಸ್ ಮೇಲೆ ಜಾರದಂಗೆ ಗೋಣಿಚೀಲ ಹಾಸೋದು.

ಇದನ್ನೆಲ್ಲಾ ಮಾಡಿದ್ದು ಯಾರು? ದಾದಾ ಹಗಲು ಗದ್ದೆಗೆ ಹೋಗ್ತಿದ್ರು. ಮಾಡಿದ್ದು ಬೌದಿ. ನಾನು ಒಂದು ಸಂಜೆ ಹೋದಾಗ ಬೌದಿ ಅಂದ್ರು, "ಎಲ್ಲಾರೂ ನನ್ನ ಗಂಡಗ ದೊಡ್ಡ ಮನಸು ಅಂತಾರ. ಮನಸು ಅವರದ್ದು, ಬೆನ್ನು ನಂದು." ನಕ್ಕೊಂಡೇ ಹೇಳಿದ್ರು. ಆದ್ರೆ ಆ ಮಾತು ಇವತ್ತಿನ ಇಡೀ ಸಂಚಿಕೆಗಿಂತ ದೊಡ್ಡದು. ಆಪರೇಷನ್ ತೀರ್ಮಾನ ಮಾಡೋ ಕುರ್ಚಿಯಲ್ಲಿ ದುಡ್ಡು ಕೊಡೋರ ಜೊತೆ ಮಗ್ಗುಲು ತಿರುಗಿಸೋರೂ ಕೂತಿರಬೇಕು. ಅವರು ಆಗಲ್ಲ ಅಂದ್ರೆ, ಆ ಮಾತನ್ನ ಮೊದಲೇ ಕೇಳಬೇಕು.

ಆರನೇ ವಾರಕ್ಕೆ ನಾಯಿ ತಾನಾಗಿ ಎದ್ದು ನಡೀತು. ಈಗಲೂ ತಿರುಗುವಾಗ ಸ್ವಲ್ಪ ವಾಲುತ್ತೆ. ಗೇಟ್ ಹಾರಲ್ಲ, ಕಣ ಕಾಯೋ ಕೆಲಸಕ್ಕೆ ಇಲ್ಲ. ಆದ್ರೆ ನೋವಿಲ್ಲದೆ ತಿಂದುಂಡು ಬಾಗಿಲಿಗೆ ಬಂದೋರನ್ನ ನೋಡಿ ಬೊಗಳುತ್ತೆ. ಇದನ್ನ ಗೆಲುವು ಅಂತ ಕರೆಯೋರಿಗೆ ಗೆಲುವು. ಮೊದಲಿನ ಹಂಗೆ ಓಡೋ ನಾಯಿ ವಾಪಸ್ ಬೇಕು ಅಂದ್ಕೊಂಡೋರಿಗೆ ನಿರಾಸೆ. ಹಾಗಾಗಿ ಆಪರೇಷನ್‌ಗೆ ಮುಂಚೆ "ನಮಗೆ ಎಷ್ಟು ಸಾಕು" ಅನ್ನೋದನ್ನ ಮನೆಯಲ್ಲಿ ಮಾತಾಡ್ಕೊಳ್ಳಿ.

ಇನ್ನೊಂದು ಸತ್ಯ ಮುಚ್ಚಿಡಬಾರದು. ಒಂದು ಕೀಲು ಸರಿ ಮಾಡಿದ ಮೇಲೆ ಅದರ ಪಕ್ಕದ ಕೀಲಿನ ಮೇಲೆ ಭಾರ ಹೆಚ್ಚಾಗಿ, ಅಲ್ಲೂ ಅದೇ ತೊಂದರೆ ಬರಬಹುದು. ಡಾಕ್ಟರುಗಳು ಇದನ್ನ ಡಾಮಿನೋ ಅಂತಾರೆ, ಸಾಲಾಗಿ ನಿಲ್ಲಿಸಿದ ಬಿಲ್ಲೆಗಳು ಒಂದರ ಮೇಲೊಂದು ಬಿದ್ದಂಗೆ. ಸುಮಾರು ಐದರಲ್ಲಿ ಒಂದು ನಾಯಿಗೆ ಕೆಲ ವರ್ಷಗಳಲ್ಲಿ ರೋಗ ಮರುಕಳಿಸುತ್ತೆ ಅನ್ನೋದು ಪಶುವೈದ್ಯ ಪುಸ್ತಕಗಳಲ್ಲಿ ಬರೋ ಅಂದಾಜು.

ಸರಿ, ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರು ಎಲ್ಲಿಂದ ಶುರು ಮಾಡಬೇಕು? ಮೊದಲು ತಾಲೂಕು ಪಶು ಆಸ್ಪತ್ರೆಯಿಂದಲೇ. ಅಲ್ಲಿನ ಡಾಕ್ಟರ ಮೇಲೆ ದನ, ಎಮ್ಮೆ, ಕುರಿಗಳ ಹೊರೆ ಇದೆ ನಿಜ. ಆದ್ರೆ ನರದ ಮೊದಲ ಪರೀಕ್ಷೆಗೆ ಯಂತ್ರ ಬೇಡ, ಕೈ ಮತ್ತು ಕಣ್ಣು ಸಾಕು. ಅವರಿಂದ ರೆಫರಲ್ ಚೀಟಿ ತಗೊಳ್ಳಿ. ಆಮೇಲೆ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು, ಗದಗ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಕಾಲೇಜು ಇವೆ. ಬೆಂಗಳೂರು, ಹೈದರಾಬಾದ್‌ನಲ್ಲಿ ಖಾಸಗಿ ಆಸ್ಪತ್ರೆಗಳಿವೆ. ಬೆಂಗಳೂರು ನಮಗೆ 350 ಕಿಲೋಮೀಟರಿಗೂ ಹೆಚ್ಚು ದೂರ. ತೂರಾಡೋ ನಾಯಿಯನ್ನ ಸುಮ್ಮನೆ ಅಷ್ಟು ದೂರ ಒಯ್ಯಬೇಡಿ. ಹೊರಡೋ ಮುಂಚೆ ಫೋನ್ ಮಾಡಿ, ಈ ಪ್ರಶ್ನೆ ಕೇಳಿ.

ನಾಯಿಗೆ ಎಂಆರ್‌ಐ ನಿಮ್ಮಲ್ಲೇ ಇದೆಯಾ, ಹೊರಗೆ ಕಳಿಸ್ತೀರಾ? ಗೋಣಿನ ಆಪರೇಷನ್ ಮಾಡೋ ಸರ್ಜನ್ ಯಾರು, ಇಂಥದ್ದು ಎಷ್ಟು ಮಾಡಿದ್ದಾರೆ? ನಮ್ಮ ನಾಯಿಗೆ ಯಾವ ವಿಧಾನ, ಯಾಕೆ ಅದೇ? ಆಪರೇಷನ್ ಆದ ರಾತ್ರಿ ನೋಡ್ಕೊಳ್ಳೋಕೆ ಡಾಕ್ಟರು ಇರ್ತಾರಾ? ಸ್ಕ್ಯಾನ್, ಅರಿವಳಿಕೆ, ಆಪರೇಷನ್, ಸ್ಕ್ರೂ-ಪ್ಲೇಟ್, ದಿನದ ಬೆಡ್ ಚಾರ್ಜ್, ಫಿಸಿಯೋಥೆರಪಿ, ಮರುಭೇಟಿ, ಎಲ್ಲಾ ಬೇರೆ ಬೇರೆ ಸಾಲಲ್ಲಿ ಬರೆದ ಎಸ್ಟಿಮೇಟ್ ಕೊಡ್ತೀರಾ? ಅದರ ಜೊತೆ ನಿಮ್ಮ ಪಟ್ಟಿಗೆ ಗಾಡಿ ಬಾಡಿಗೆ, ಅಲ್ಲಿ ಉಳಿಯೋ ಖರ್ಚು, ಮನೆಯಲ್ಲಿ ಒಬ್ಬರು ಬಿಡೋ ಕೂಲಿ, ಇದನ್ನೂ ಸೇರಿಸಿ. ಆಪರೇಷನ್ ಬಿಲ್ಲಿಗಷ್ಟೇ ದುಡ್ಡು ಜೋಡಿಸಿಕೊಂಡು ಹೋದೋರು ಅರ್ಧ ದಾರಿಯಲ್ಲಿ ನಿಲ್ತಾರೆ.

ಕೊನೆಯದಾಗಿ, ಹೊಸದಾಗಿ ಮರಿ ತರೋರಿಗೆ. ಈ ರೋಗ ಕೆಲವು ಜಾತಿಗಳಲ್ಲೇ ಹೆಚ್ಚು ಕಾಣೋದ್ರಿಂದ ವಂಶದ ಪಾಲು ಇದೆ ಅಂತ ಸಂಶೋಧಕರು ನಂಬ್ತಾರೆ. ಮರಿ ಮಾರೋರ ಹತ್ರ ಬರೀ ಪೇಪರ್ ಕೇಳಬೇಡಿ. "ತಾಯಿ ನಾಯಿ ನಡೆಯೋದು ತೋರಿಸ್ರಿ, ತಂದೆ ನಾಯಿ ಎಷ್ಟು ವರ್ಷ ಬದುಕ್ತು ಹೇಳ್ರಿ" ಅಂತ ಕೇಳಿ. ಈ ರೋಗ ಇರೋ ನಾಯಿಯಿಂದ ಮರಿ ತೆಗೆಸಬೇಡಿ. ಗ್ರೇಟ್ ಡೇನ್ ಮರಿಯನ್ನ ಬೇಗ ದೊಡ್ಡದು ಮಾಡೋ ಆಸೆಗೆ ಬಿದ್ದು ಕ್ಯಾಲ್ಸಿಯಂ ಸುರಿಯಬೇಡಿ. ದೊಡ್ಡ ಜಾತಿಯ ಮರಿಗಳ ಮೂಳೆ ಬೆಳವಣಿಗೆ ಅದರಿಂದಲೇ ಕೆಡುತ್ತೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ದೊಡ್ಡ ನಾಯಿಯ ಪಂಜ ಎತ್ತಿ ಉಗುರು ನೋಡಿ, ಹಿಂದಿನಿಂದ ಅದು ನಡೆಯೋ ವಿಡಿಯೋ ಒಂದು ತೆಗೆದಿಡಿ. ಏನೂ ಇಲ್ಲ ಅಂದ್ರೆ ಸಂತೋಷ. ಏನಾದ್ರೂ ಕಂಡ್ರೆ, ಅದು ಇನ್ನೂ ತನ್ನ ಕಾಲ ಮೇಲೆ ನಿಂತಿರುವಾಗಲೇ ನಿಮ್ಮ ಕಣ್ಣಿಗೆ ಬಿತ್ತು ಅಂತ ತಿಳ್ಕೊಂಡು ಡಾಕ್ಟರ ಹತ್ರ ಹೊರಡಿ.

ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.